ಖಾಯಂ ನಿವಾಸಿ ಸ್ಥಾನಮಾನದ ಪರಿತ್ಯಾಗ (ಅಮೆರಿಕ ಸಂಯುಕ್ತ ಸಂಸ್ಥಾನ)

ಖಾಯಂ ನಿವಾಸಿ ಸ್ಥಾನಮಾನದ ಪರಿತ್ಯಾಗ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದ ವಲಸೆ ಕಾನೂನಿನ ಒಂದು ಪರಿಕಲ್ಪನೆ. ಆ ದೇಶದಲ್ಲಿ ಶಾಶ್ವತವಾಗಿ ನೆಲೆಸಲು ಅನುಮತಿ ಪಡೆದ ವಿದೇಶೀಯರು ಅಲ್ಲಿನ ವಾಸವನ್ನು ತೊರೆದು ಬೇರೆಡೆ ನೆಲೆಸಿದಾಗ ಆ ಅನುಮತಿ ಕೊನೆಗೊಳ್ಳುವುದನ್ನು ಇದು ಸೂಚಿಸುತ್ತದೆ. ಅನುಮತಿಯ ಗುರುತುಚೀಟಿಯು ಜನಬಳಕೆಯಲ್ಲಿ ಗ್ರೀನ್ ಕಾರ್ಡ್ ಎಂದು ಪ್ರಸಿದ್ಧವಾಗಿದೆ. ನಿವಾಸಿಯು ತಾನಾಗಿಯೇ ಸ್ಥಾನಮಾನವನ್ನು ಬಿಟ್ಟುಕೊಡಬಹುದು. ಇಲ್ಲವೆ ಆತನ ನಡವಳಿಕೆಯನ್ನು ಪರಿಶೀಲಿಸಿ, ಅದು ಪರಿತ್ಯಕ್ತವಾಗಿದೆ ಎಂದು ಸರ್ಕಾರ ವಾದಿಸಬಹುದು.

ಸ್ವರೂಪ

ಗುರುತುಚೀಟಿ ಬೇರೆ, ಸ್ಥಾನಮಾನ ಬೇರೆ. ಚೀಟಿಯನ್ನು ಸಾಮಾನ್ಯವಾಗಿ 10 ವರ್ಷಗಳಿಗೊಮ್ಮೆ ನವೀಕರಿಸಬೇಕಾಗುತ್ತದೆ. ಅದರ ಅವಧಿ ಮುಗಿದ ಮಾತ್ರಕ್ಕೆ ಸ್ಥಾನಮಾನ ಹೋಗುವುದಿಲ್ಲ. ಅದೇ ರೀತಿ, ಚೀಟಿಯ ಅವಧಿ ಉಳಿದಿದ್ದರೂ ಸ್ಥಾನಮಾನ ಕಳೆದುಹೋಗಬಹುದು. ಪೌರತ್ವದ ಸಂಗತಿ ಹೀಗಲ್ಲ. ಪೌರತ್ವ ಪಡೆದವರು ಹೊರದೇಶದಲ್ಲಿ ವಾಸಿಸಿದರೆಂಬ ಕಾರಣಕ್ಕೆ ಅದನ್ನು ಕಸಿಯಲಾಗದೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 1964ರಲ್ಲೇ ತೀರ್ಪಿತ್ತಿದೆ. ಖಾಯಂ ನಿವಾಸಿಗೆ ಆ ರಕ್ಷಣೆಯಿಲ್ಲ. ಹೆಸರಿಗೆ ತಕ್ಕಂತೆ ಆತ ಅಲ್ಲಿ ವಾಸಿಸುತ್ತಿರಬೇಕು.

ಅವಧಿ ಮತ್ತು ಉದ್ದೇಶ

ಆರು ತಿಂಗಳಿಗೊಮ್ಮೆ ಅಮೆರಿಕದ ನೆಲ ಮುಟ್ಟಿ ಬಂದರೆ ಸಾಕು ಎಂಬ ನಂಬಿಕೆ ಭಾರತೀಯ ಕುಟುಂಬಗಳಲ್ಲಿ ವ್ಯಾಪಕವಾಗಿದೆ. ಇದು ಅರ್ಧ ಸತ್ಯ. ಸತತ 180 ದಿನಗಳಿಗಿಂತ ಹೆಚ್ಚು ಕಾಲ ಹೊರಗಿದ್ದು ಮರಳುವವರನ್ನು ಹೊಸದಾಗಿ ಪ್ರವೇಶ ಕೋರುವವರಂತೆ ಪರಿಶೀಲಿಸಬಹುದು. ಒಂದು ವರ್ಷ ಮೀರಿದರೆ ಮರುಪ್ರವೇಶಕ್ಕೆ ಬರಿಯ ಗ್ರೀನ್ ಕಾರ್ಡ್ ಸಾಲದು. ಆದರೆ ಈ ಗಡುವುಗಳೊಳಗೆ ಮರಳಿದವರೆಲ್ಲ ಸುರಕ್ಷಿತರೆಂದು ಕಾನೂನು ಎಲ್ಲಿಯೂ ಹೇಳುವುದಿಲ್ಲ. ಅದು ಕೇಳುವ ಪ್ರಶ್ನೆ ಒಂದೇ: ವಿದೇಶದ ವಾಸ ತಾತ್ಕಾಲಿಕವೋ, ಅಲ್ಲವೋ?

1975ರ ಕೇನ್ ಪ್ರಕರಣವು ಇದಕ್ಕೆ ಒಳ್ಳೆಯ ನಿದರ್ಶನ. ಜಮೈಕಾದ ಮಹಿಳೆಯೊಬ್ಬರು ಸ್ವದೇಶದಲ್ಲಿ ವಸತಿಗೃಹ ನಡೆಸುತ್ತ, ವರ್ಷದ 11 ತಿಂಗಳು ಅಲ್ಲಿಯೇ ಇದ್ದು, ಒಂದು ತಿಂಗಳು ಮಾತ್ರ ಅಮೆರಿಕಕ್ಕೆ ಬಂದು ಹೋಗುತ್ತಿದ್ದರು. ಒಂದು ವರ್ಷದ ಗಡುವನ್ನು ಅವರು ಮೀರಿರಲಿಲ್ಲ. ಆದರೂ ಅವರ ನಿಜವಾದ ಮನೆ ಜಮೈಕಾದಲ್ಲಿದೆ ಎಂಬ ಕಾರಣಕ್ಕೆ ಸ್ಥಾನಮಾನ ಉಳಿಯಲಿಲ್ಲ. ಹೊರಟ ಉದ್ದೇಶವೇನು, ಹಿಂದಿರುಗುವ ಕಾಲ ನಿಶ್ಚಿತವಾಗಿತ್ತೇ, ಮನೆ, ಉದ್ಯೋಗ, ಕುಟುಂಬ ಎಲ್ಲಿವೆ ಎಂಬುದನ್ನು ಇಂತಹ ಪ್ರಕರಣಗಳಲ್ಲಿ ತೂಗಿ ನೋಡಲಾಗುತ್ತದೆ.

ದೀರ್ಘ ಕಾಲ ಹೊರಗಿರಬೇಕಾದವರು ಹೊರಡುವ ಮುನ್ನ, ಅಮೆರಿಕದಲ್ಲಿರುವಾಗಲೇ, ನಮೂನೆ ಐ-131ರ ಮೂಲಕ ಮರುಪ್ರವೇಶ ಪರವಾನಗಿ ಕೋರಬಹುದು. ಇದು ಸಾಮಾನ್ಯವಾಗಿ 2 ವರ್ಷಗಳವರೆಗೆ ಸಿಂಧು. ಕೇವಲ ಗೈರುಹಾಜರಿಯ ಅವಧಿಯನ್ನು ಮುಂದಿಟ್ಟು ಪರಿತ್ಯಾಗವೆನ್ನದಂತೆ ಅದು ತಡೆಯುತ್ತದೆ. ಇತರ ಪ್ರಶ್ನೆಗಳಿಂದ ಬಿಡುಗಡೆ ನೀಡುವುದಿಲ್ಲ. ಪರವಾನಗಿಯಿಲ್ಲದೆ ವರ್ಷ ಮೀರಿದವರು ತಡವಾದುದು ತಮ್ಮ ಕೈಮೀರಿದ ಕಾರಣದಿಂದ ಎಂದು ದೂತಾವಾಸದಲ್ಲಿ ಸಾಬೀತುಪಡಿಸಿ ಮರಳುವ ನಿವಾಸಿಯ ವೀಸಾ (ಎಸ್‌ಬಿ-1) ಪಡೆಯಲು ಅವಕಾಶವಿದೆ. ಮಾರ್ಚ್ 2020ರಲ್ಲಿ ಭಾರತದ ನಿಯಮಿತ ಅಂತರರಾಷ್ಟ್ರೀಯ ವಿಮಾನಯಾನ ಸ್ಥಗಿತಗೊಂಡದ್ದು ಅಂತಹ ಕಾರಣಗಳಿಗೆ ಸುಲಭವಾಗಿ ನೆನಪಾಗುವ ಉದಾಹರಣೆ.

ವೃದ್ಧ ತಂದೆತಾಯಂದಿರು

ಅಮೆರಿಕದ ಪೌರತ್ವ ಪಡೆದ, 21 ವರ್ಷ ತುಂಬಿದ ಮಕ್ಕಳು ತಂದೆತಾಯಂದಿರಿಗಾಗಿ ಅರ್ಜಿ ಸಲ್ಲಿಸಬಹುದಾದ್ದರಿಂದ ಕರ್ನಾಟಕದ ಅನೇಕ ಹಿರಿಯರೂ ಗ್ರೀನ್ ಕಾರ್ಡ್ ಹೊಂದಿದ್ದಾರೆ. ಈ ವಿಷಯ ಅತಿ ತೊಡಕಾಗುವುದು ಇವರ ಪಾಲಿಗೇ. ಮಕ್ಕಳು, ಮೊಮ್ಮಕ್ಕಳು ಅಲ್ಲಿ. ಸ್ವಂತ ಮನೆ, ಪಿಂಚಣಿ, ಒಡಹುಟ್ಟಿದವರು, ಪರಿಚಿತ ವೈದ್ಯರು ಇಲ್ಲಿ. ವಲಸೆ ಬಂದ ಹಿರಿಯರು 65 ವರ್ಷ ದಾಟಿದ್ದರೂ, ಸ್ವಂತ ಅಥವಾ ಸಂಗಾತಿಯ ದುಡಿಮೆಯ ದಾಖಲೆ ಅಲ್ಲಿಲ್ಲದಿದ್ದರೆ, ಮೆಡಿಕೇರ್ ವಿಮೆಗೆ ಹಣ ತೆತ್ತು ಸೇರಲು ಸತತ 5 ವರ್ಷಗಳ ವಾಸ ಬೇಕು. ಇಬ್ಬರಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಮತ್ತೊಬ್ಬರು ದಿನಗಳನ್ನು ಲೆಕ್ಕ ಹಾಕುತ್ತ ವಿಮಾನವೇರುವುದು ಅಸಾಧ್ಯ.

ಸ್ವಇಚ್ಛೆಯ ಪರಿತ್ಯಾಗ

ಸ್ಥಾನಮಾನವನ್ನು ಬಿಡಲು ನಿರ್ಧರಿಸಿದವರು ನಮೂನೆ ಐ-407ನ್ನು ಸಲ್ಲಿಸಬೇಕು. ಬಳಿಕ ಮಕ್ಕಳನ್ನು ನೋಡಲು ಸಂದರ್ಶಕ ವೀಸಾ ಕೋರಬಹುದು. ಅದು ದೊರೆಯುವ ಖಾತರಿಯಿಲ್ಲ. ಮುಂದೆ ಮಕ್ಕಳು ಮತ್ತೆ ಅರ್ಜಿ ಹಾಕುವುದಕ್ಕೆ ಅಡ್ಡಿಯಿಲ್ಲವಾದರೂ ಪ್ರಕ್ರಿಯೆ ಮೊದಲಿನಿಂದಲೇ ಆರಂಭವಾಗುತ್ತದೆ.

ದೀರ್ಘ ಪ್ರಯಾಣದಿಂದ ಬಳಲಿ, ಭಾಷೆಯ ತೊಡಕಿನೊಂದಿಗೆ ವಿಮಾನ ನಿಲ್ದಾಣದಲ್ಲಿ ನಿಂತ ವೃದ್ಧರ ಮುಂದೆ ಇದೇ ನಮೂನೆ ಬರುವುದುಂಟು. ಅದಕ್ಕೆ ಸಹಿ ಹಾಕುವುದು ಸ್ವಇಚ್ಛೆಯ ಕ್ರಿಯೆ; ಕಡ್ಡಾಯವಲ್ಲ. ನಿರಾಕರಿಸಿದವರಿಗೆ ವಲಸೆ ನ್ಯಾಯಾಧೀಶರ ಮುಂದೆ ವಿಚಾರಣೆಯ ಹಕ್ಕಿದೆ. ಅಲ್ಲಿ ಪರಿತ್ಯಾಗವನ್ನು ಸಾಬೀತುಪಡಿಸುವ ಹೊಣೆ ಸರ್ಕಾರದ್ದು. ಅಂತಿಮ ಆದೇಶವಾಗುವವರೆಗೂ ಸ್ಥಾನಮಾನ ಉಳಿದಿರುತ್ತದೆ.

ತೆರಿಗೆ

ಖಾಯಂ ನಿವಾಸಿಯ ಜಾಗತಿಕ ಆದಾಯವೆಲ್ಲ ಅಮೆರಿಕದ ತೆರಿಗೆ ವ್ಯಾಪ್ತಿಗೆ ಬರುತ್ತದೆ. ಚೀಟಿಯನ್ನು ಪೆಟ್ಟಿಗೆಯಲ್ಲಿಟ್ಟು ಮರೆತ ಮಾತ್ರಕ್ಕೆ ಈ ಹೊಣೆ ತಪ್ಪುವುದಿಲ್ಲ. ತೆರಿಗೆ ಒಪ್ಪಂದದ ಆಧಾರದಲ್ಲಿ ತಾನು ಅನಿವಾಸಿಯೆಂದು ಘೋಷಿಸಿಕೊಂಡರೆ ಅದೇ ಪರಿತ್ಯಾಗಕ್ಕೆ ಸಾಕ್ಷ್ಯವಾಗಬಲ್ಲದು. ಕಳೆದ 15 ತೆರಿಗೆ ವರ್ಷಗಳಲ್ಲಿ ಕನಿಷ್ಠ 8 ವರ್ಷ ಸ್ಥಾನಮಾನ ಹೊಂದಿದ್ದವರು ಅದನ್ನು ಬಿಡುವಾಗ ನಮೂನೆ 8854ನ್ನು ಸಲ್ಲಿಸಬೇಕಾಗುತ್ತದೆ; ಹೆಚ್ಚಿನ ಆಸ್ತಿ ಅಥವಾ ಆದಾಯವುಳ್ಳವರಿಗೆ ನಿರ್ಗಮನ ತೆರಿಗೆಯೂ ಅನ್ವಯಿಸಬಹುದು.