ಲೋಕಲ್ ಗಾಡಿ ಕಿಡಕಿ: ನೂರು ವರ್ಷದ ಗಾಳಿ-ಮಳಿ ಲೆಕ್ಕ

ಮನಿ ಹಳೇದಾತು ಅನ್ನೂದನ್ನ ಗ್ವಾಡಿಗಿಂತ ಮೊದಲ ಕಿಡಕಿ ಹೇಳತದ. ಕದ ಬಿಗಿ ಆಗತದ, ಚಿಲಕ ಕೂಡಂಗಿಲ್ಲ, ಮಳಿ ನೀರು ಚೌಕಟ್ಟಿನಾಗ ಇಳದು ಜಂಗು ಹಿಡೀತದ. ಮನಿ ನಡಸೂ ಹೆಂಗಸರಿಗೆ ಇದೇನು ಹೊಸಾ ಮಾತಲ್ಲ. ರೈಲು ಗಾಡಿಗೂ ಇದೇ ನಿಯಮ. ಮುಂಬೈ ಲೋಕಲ್ ಬಗ್ಗೆ ಬರಿಯೂ ಮಂದಿ ಎಂಜಿನ್, ಹಳಿ, ಗರ್ದಿ ಎಲ್ಲಾ ಬರದಾರ. ಕಿಡಕಿ ಬಗ್ಗೆ ಬರದವರು ಕಡಿಮಿ. ಅದಕ್ಕ ಈ ಸಲ ಕಿಡಕಿ ಕಥಿ.

ನಮ್ಮ ಧಾರವಾಡ, ಬೆಳಗಾವಿ ಕಡೆಯವರಿಗೆ ಮುಂಬೈ ದೂರದ ಊರಲ್ಲ ನೋಡ್ರಿ. 1956 ರ ತನಕ ನಾವು ಮುಂಬೈ ರಾಜ್ಯದವರ. ನೌಕರಿಗಂತ, ಹೋಟೆಲಿನ ಕೆಲಸಕ್ಕಂತ ಹೋದ ಎಷ್ಟೋ ಕನ್ನಡದ ಮಂದಿ ಡೊಂಬಿವಲಿ, ಠಾಣೆ, ಮುಲುಂಡ್ ಕಡೆ ಸಂಸಾರ ಹೂಡಿದ್ರು. ಅವರ ದಿನದ ಎರಡು ಹೊತ್ತು ಲೋಕಲ್ ಗಾಡಿಯೊಳಗ ಹೋಗತಿತ್ತು. ಮದುವಿ ಆಗಿ ಬಂದ ನನ್ನಂಥವರಿಗೂ ಅದೇ ಗಾಡಿ, ಅದೇ ಕಿಡಕಿ.

1853 ರ ಏಪ್ರಿಲ್ 16 ಕ್ಕ ಬೋರಿ ಬಂದರದಿಂದ ಠಾಣೆಗೆ ಹೋದದ್ದು ಉಗಿ ಗಾಡಿ. ಆಮ್ಯಾಲೆ ಎಪ್ಪತ್ತು ವರ್ಷ ಮುಂಬೈ ಸುತ್ತ ಓಡಿದ್ದೂ ಉಗಿ ಗಾಡಿನ. ಉಗಿ ಗಾಡಿ ಕಿಡಕಿಗೆ ಒಂದು ದೊಡ್ಡ ತೊಂದರಿ ಇತ್ತು. ತಗದ್ರ ಕಲ್ಲಿದ್ದಲಿನ ಕಿಡಿ ಹಾರಿ ಕಣ್ಣಾಗ ಬೀಳತಿತ್ತು, ಬಿಳೀ ಅಂಗಿ ಕರೀ ಆಗತಿತ್ತು. ಹಾಕಿದ್ರ ಶಕಿ. 1925 ರ ಫೆಬ್ರವರಿ 3 ಕ್ಕ ವಿಕ್ಟೋರಿಯಾ ಟರ್ಮಿನಸ್‌ದಿಂದ ಕುರ್ಲಾ ತನಕ, ಹಾರ್ಬರ್ ಹಾದಿಯೊಳಗ, ದೇಶದ ಮೊದಲನೇ ವಿದ್ಯುತ್ ಗಾಡಿ ಓಡಿತು. ಪಶ್ಚಿಮದ ಹಾದಿಗೆ, ಕೊಲಾಬಾದಿಂದ ಬೋರಿವಲಿ ತನಕ, 1928 ರಾಗ ಬಂತು. ವೇಗ ಹೆಚ್ಚಾತು ಅಂತ ಪುಸ್ತಕದಾಗ ಬರೀತಾರ. ಕೂತವರಿಗೆ ಸಿಕ್ಕ ದೊಡ್ಡ ಲಾಭ ಬ್ಯಾರೇನ ಇತ್ತು: ಹೊಗಿ ಹೋತು, ದಿನಪೂರ್ತಿ ಕಿಡಕಿ ತಗದ ಇಡಲಿಕ್ಕೆ ಬಂತು.

ಅಲ್ಲಿಂದ ಮುಂದ ಲೋಕಲ್ ಗಾಡಿ ಪೂರಾ ಗಾಳಿ ಮ್ಯಾಲೆ ನಡೀತು. ಡಬ್ಬಿಯ ಅಗಲ 3.66 ಮೀಟರ್, ಅಂದ್ರ ಹನ್ನೆರಡು ಫೂಟು. ಈ ಕಡೆ ಮೂರು ಮಂದಿ, ಆ ಕಡೆ ಮೂರು ಮಂದಿ ಕೂಡೂ ಬಾಕು. ಗರ್ದಿಯೊಳಗ ಮೂವರ ಜಾಗಾದಾಗ ನಾಲ್ಕನೇದವರು ಅರ್ಧಾ ಕೂತಿರತಾರ. ಎರಡು ಬಾಕಿನ ನಡುವಿನ ಸಂದಿನೊಳಗ ನಿಂತವರಿಗೆ ಉಸಿರು ಬರೂದು ಕಿಡಕಿಯಿಂದನ. ಅದಕ್ಕ ಮುಂಬೈಯವರು ಹತ್ತೂಮುಂದ ಕಿಡಕಿ ಸೀಟು ಅಷ್ಟ ನೋಡಂಗಿಲ್ಲ, ಗಾಡಿ ಹೋಗೂ ದಿಕ್ಕಿಗೆ ಮುಖ ಮಾಡಿ ಗಾಳಿ ಬಡಿಯೂ ಸೀಟು ಹುಡಕತಾರ.

ಹಳೇ ಗಾಡಿಯ ಕಿಡಕಿ ಸಾದಾ. ಹೊರಗ ಅಡ್ಡ ಕಬ್ಬಿಣದ ಸಳಿ, ಒಳಗ ಗಾಜಿನ ಶಟರ್, ಪಟ್ಟಿ ಪಟ್ಟಿ ಇರೂ ಲೋಹದ ಶಟರ್. ಎರಡೂ ಬದಿಯ ಚಿಲಕ ಒಮ್ಮೆಲೇ ಒತ್ತಿ ಎತ್ತಬೇಕು, ಇಳಸಬೇಕು. ಪಟ್ಟಿ ಶಟರ್ ಹಾಕಿದ್ರ ಮಳಿ ತಡೀತದ, ಒಂದಿಷ್ಟು ಗಾಳೀನೂ ಬರತದ. ಬುದ್ಧಿವಂತರ ಕೆಲಸ.

ಆದ್ರ ಇದು ಕೈ ಮುಟ್ಟಿ ನಡಿಯೂ ವಸ್ತು. ಒಂದು ಚಿಲಕ ಸವದ್ರ ಶಟರ್ ಓರಿ ಆಗಿ ನಡುವ ಸಿಕ್ಕೊಂಡು ಕೂಡತದ. ಶಟರ್ ಜಾರೂ ಕಾಲಿಯೊಳಗ ಧೂಳಿ, ಟಿಕೀಟಿನ ಚೂರು, ಚಾಕಲೇಟಿನ ಕಾಗದ, ಹೆಂಗಸರ ಡಬ್ಬಿಯಾಗಾದ್ರ ಮೆಂತ್ಯದ ಕಡ್ಡಿ, ಬಟಾಣಿ ಸಿಪ್ಪಿ. (ಸಂಜಿ ಗಾಡಿಯೊಳಗ ಪಲ್ಯ ಸೋಸಿಕೊಂಡು ಮನಿಗೆ ಹೋಗೂದು ಮುಂಬೈ ಹೆಂಗಸರ ಜಾಣತನ. ಕಸ ಚೀಲದಾಗ ಹಾಕೂದು ಇನ್ನೂ ದೊಡ್ಡ ಜಾಣತನ.) ಕಾಲಿ ತುಂಬಿದ್ರ ನೀರು ಹೋಗೂ ತೂತು ಮುಚ್ಚತದ, ನೀರು ಒಳಗ ನಿಲ್ಲತದ. ಉಕ್ಕಿನ ಡಬ್ಬಿಗೆ ಕಿಡಕಿ ಕೆಳಗ ಜಂಗು ಜಾಸ್ತಿ ಹಿಡಿಯೂದು ಹಿಂಗ. ಲೋಕಲ್ ಡಬ್ಬಿಯ ಆಯುಷ್ಯ 25 ವರ್ಷ ಅಂತ ರೈಲ್ವೆ ಲೆಕ್ಕ. ಅಷ್ಟು ಮಳಿಗಾಲ ಅದು ನಿಂತು ತಡಕೋಬೇಕು.

ಇದನ್ನ ನೋಡಿಕೊಳ್ಳೂ ಮಂದಿ ನಮಗ ಕಾಣಂಗಿಲ್ಲ. ಮಧ್ಯ ರೈಲ್ವೆಯ ಕುರ್ಲಾ, ಕಲವಾ, ಸಾನಪಾಡಾ ಕಾರ್‌ಶೆಡ್ಡಿನಾಗ, ಪಶ್ಚಿಮ ರೈಲ್ವೆಯ ಕಾಂದಿವಲಿ, ವಿರಾರದಾಗ ಗಾಡಿ ನಿಂತಾಗ ಅವರ ಕೆಲಸ. ದೊಡ್ಡ ದುರಸ್ತಿಗೆ ಮಾಟುಂಗಾ, ಮಹಾಲಕ್ಷ್ಮಿ ಕಾರ್ಖಾನಿ. ಮಳಿಗಾಲಕ್ಕಿಂತ ಮೊದಲ ಶಟರ್, ಛತ್ತು, ಬಾಗಲಾ ನೋಡೂದು ಅವರ ಪಾಠ. ನಾವು ಹಪ್ಪಳ-ಸಂಡಗಿ ಮುಗಿಸಿ ಮ್ಯಾಲಿನ ಹಂಚು ಸರಿ ಮಾಡಸತೇವಲ್ಲ, ಹಂಗ. ಕೆಲಸ ಸಣ್ಣದು: ಕಾಲಿ ಕೆರೀಬೇಕು, ತೂತು ಬಿಡಸಬೇಕು, ಚಿಲಕಕ್ಕ ಎಣ್ಣಿ ಬಿಡಬೇಕು. ಬಿಟ್ರ ಜೂನ್ ತಿಂಗಳದಾಗ ಕಿಡಕಿ ಬದಿಯವರ ಮಡಲ ತುಂಬ ನೀರು.

ಕಿಡಕಿಗೆ ಇನ್ನೊಂದು ಕಾಟ, ಹೊರಗಿಂದ ಬೀಳೂ ಕಲ್ಲು. 1989 ರ ರೈಲ್ವೆ ಕಾಯ್ದೆಯ 152 ನೇ ಕಲಮಿನ ಪ್ರಕಾರ, ಜನರಿಗೆ ಅಪಾಯ ಆಗತದ ಅಂತ ಗೊತ್ತಿದ್ದೂ ಗಾಡಿಗೆ ಕಲ್ಲು ಒಗದವರಿಗೆ ಹತ್ತು ವರ್ಷದ ತನಕ, ಬೇಕಾದ್ರ ಜನ್ಮಪೂರ್ತಿ ಜೇಲು. ಕಾಯ್ದೆ ಅದ, ಆದ್ರ ಹಳಿ ಬಾಜೂಕ ಕಾವಲು ನಿಲ್ಲಸಲಿಕ್ಕೆ ಆಗಂಗಿಲ್ಲ. ಹಿಂಗಾಗಿ ಕೆಲವು ಕಿಡಕಿಗೆ ಜಾಳಿಗಿ ಬಂತು. ಜಾಳಿಗಿ ಕಲ್ಲು ತಡೀತದ, ಜೊತಿಗೆ ಗಾಳೀನೂ ಅಷ್ಟಿಷ್ಟು ತಡೀತದ, ಧೂಳಿ ಹಿಡದು ಕೂಡತದ. ಅಡಗಿ ಮನಿ ಕಿಡಕಿಗೆ ಸೊಳ್ಳಿ ಜಾಳಿಗಿ ಹೊಡಸಿದವರಿಗೆ ಇದು ಗೊತ್ತು. ವಾರಕ್ಕೊಮ್ಮೆ ತಿಕ್ಕಲಿಲ್ಲ ಅಂದ್ರ ಅದು ಗ್ವಾಡಿನ ಆಗತದ.

2007 ರಾಗ ಪಶ್ಚಿಮ ರೈಲ್ವೆಯೊಳಗ ಹೊಸಾ ಗಾಡಿ ಬಂದ್ವು. ಜಾಗತಿಕ ಬ್ಯಾಂಕಿನ ಸಾಲದ ನೆರವು, ಪೆರಂಬೂರಿನ ಕಾರ್ಖಾನಿಯ ಡಬ್ಬಿ, ಸೀಮೆನ್ಸ್ ವಿದ್ಯುತ್ ಸಾಮಾನು. ಕಿಡಕಿ ದೊಡ್ಡವು ಮಾಡಿದ್ರು. ಅದಕ್ಕಿಂತ ದೊಡ್ಡ ಬದಲು ಛತ್ತಿನ ಮ್ಯಾಲೆ: ಹೊರಗಿನ ಗಾಳಿ ಒಳಗ ನೂಕೂ ಯಂತ್ರ. ಕಿಡಕಿಯ ಗಾಳಿ ಗರ್ದಿಗೆ ಸಾಲೂದಿಲ್ಲ ಅಂತ ಕಟ್ಟಿದವರು ಒಪ್ಪಿಕೊಂಡಂಗ ಆತು. ಗಾಜಿನ ಬದಲಿಗೆ ಪಾಲಿಕಾರ್ಬೊನೇಟ್ ಹಾಕಿದಲ್ಲಿ ಒಡಿಯೂ ಭಯ ಕಡಿಮಿ, ಆದ್ರ ಒರಟು ಅರಿವಿಲೆ ಒರಸಿದ್ರ ಗೀರು ಬೀಳತಾವು, ವರ್ಷಗಟ್ಟಲೆ ಬಿಸಲು ಕುಡದು ಮಬ್ಬಾಗತದ. ಹೊರಗಿನ ಸ್ಟೇಶನ್ ಹೆಸರು ಓದಲಿಕ್ಕೆ ಆಗಂಗಿಲ್ಲ.

2017 ರ ಡಿಸೆಂಬರ್ 25 ಕ್ಕ ಏಸಿ ಲೋಕಲ್ ಬಂತು. ಮಧ್ಯ ರೈಲ್ವೆಗೆ 2020 ರಾಗ. ಬಾಗಲಾ ತಾನ ಮುಚ್ಚತದ, ಕಿಡಕಿಗೆ ದೊಡ್ಡ ಗಾಜು, ಸಳಿ ಇಲ್ಲ. ಕೂತವರು ಗಾಳಿಗಂತ ಎತ್ತೂ ಹಂಗಿಲ್ಲ. ಮಳಿ, ಧೂಳಿ, ಸದ್ದು ಎಲ್ಲಾ ಹೊರಗ. ಆರಾಮದ ಮಾತು ಸುಳ್ಳಲ್ಲ. 2022 ರ ಮೇ ತಿಂಗಳದಾಗ ಕನಿಷ್ಠ ದರ 65 ರೂಪಾಯಿಯಿಂದ 30 ಕ್ಕ ಇಳಸಿದ್ರು. ಹಂಗಿದ್ರೂ ಸಾದಾ ಗಾಡಿಯ ಕನಿಷ್ಠ ಟಿಕೀಟು 5 ರೂಪಾಯಿ. ಮನಿಗೆಲಸಕ್ಕ ಹೋಗೂ ಹೆಣಮಗಳು ಕೂಡೂದು ತಗದ ಕಿಡಕಿ ಬಾಜೂಕನ.

ಇಲ್ಲೆ ಒಂದು ಮಾತು ಗಮನಿಸ್ರಿ. ಹಳೇ ಗಾಡಿಯೊಳಗ ಕಿಡಕಿ ಕೆಟ್ರ ಇಬ್ಬರು ಗಟ್ಟಿ ಹೆಂಗಸರು ಸೇರಿ ಗುದ್ದಿ ಎತ್ತತಿದ್ರು, ಇಲ್ಲಾ ಬಾಗಲದಿಂದರೆ ಗಾಳಿ ಬರತಿತ್ತು. ಮುಚ್ಚಿದ ಗಾಡಿಯೊಳಗ ಯಂತ್ರ ಕೆಟ್ರ ಕೂತವರ ಕೈಯಾಗ ಏನೂ ಇಲ್ಲ. ಕಿಡಕಿ ಚಂದ ಆದಷ್ಟೂ ಅದರ ಜ್ವಾಪಾನ ನಮ್ಮ ಕೈ ಬಿಟ್ಟು ಕಾರ್‌ಶೆಡ್ಡಿಗೆ ಹೋತು.

ಇದು ಈಗ ಯಾಕ ಮುಖ್ಯ ಅಂದ್ರ, 2025 ರ ಜೂನ್ 9 ಕ್ಕ ಮುಂಬ್ರಾ ಹತ್ರ ತುಂಬಿದ ಗಾಡಿ ಬಾಗಲದಿಂದ ಮಂದಿ ಬಿದ್ದು ಸತ್ರು. ಅದಾದ ಕೂಡಲೇ ಏಸಿ ಇಲ್ಲದ ಹೊಸಾ ಗಾಡಿಗೂ ತಾನ ಮುಚ್ಚೂ ಬಾಗಲಾ ಹಾಕತೇವಿ ಅಂತ ರೈಲ್ವೆ ಮಂತ್ರಾಲಯ ಹೇಳಿತು. ಉಸಿರು ಕಟ್ಟಬಾರದು ಅಂತ ಬಾಗಲಕ್ಕ ಗಾಳಿ ಆಡೂ ಪಟ್ಟಿ, ಛತ್ತಿಗೆ ಗಾಳಿ ಯಂತ್ರ, ಡಬ್ಬಿಯಿಂದ ಡಬ್ಬಿಗೆ ಹೋಗಲಿಕ್ಕೆ ಹಾದಿ. ಬಾಗಲಾ ಮುಚ್ಚಲೇಬೇಕು, ಅದರಾಗ ಎರಡು ಮಾತಿಲ್ಲ. ಮಕ್ಕಳು ಸಂಜಿಕ ಮನಿಗೆ ಬರಬೇಕು.

ಆದ್ರ ಬಾಗಲಾ ಮುಚ್ಚಿದ ದಿನದಿಂದ ಆ ಡಬ್ಬಿಗೆ ಉಳಿಯೂ ಗಾಳಿ ಅಂದ್ರ ಕಿಡಕಿ, ಆ ಪಟ್ಟಿ, ಆ ಯಂತ್ರ, ಇಷ್ಟ. ಪಟ್ಟಿಯೊಳಗ ಧೂಳಿ ಕೂತ್ರ, ಶಟರ್ ಸಿಕ್ಕೊಂಡ್ರ, ಯಂತ್ರದ ಜಾಳಿಗಿ ತೊಳೀಲಿಲ್ಲ ಅಂದ್ರ ಗರ್ದಿಯೊಳಗ ನಿಂತ ಬಸುರಿ ಹೆಣಮಗಳಿಗೆ, ವಯಸ್ಸಾದವರಿಗೆ ತಾಸುಗಟ್ಟಲೆ ಕಷ್ಟ. ಹೊಸಾ ಗಾಡಿಗೆ ಹೂವಿನ ಮಾಲಿ ಹಾಕೂ ದಿನ ಎಲ್ಲಾ ಕಿಡಕಿ ಸಲೀಸ ಜಾರತಾವು. ಐದನೇ ಮಳಿಗಾಲದಾಗ ಅದೇ ಗಾಡಿಯ ಚಿಲಕಕ್ಕ ಎಣ್ಣಿ ಬಿಡಲಿಕ್ಕೆ ಮಂದಿ, ರೊಕ್ಕ, ಹೊತ್ತು ತಗದಿಟ್ಟಾರೇನು ಅಂತ ಈಗಿಂದನ ಕೇಳಬೇಕು.