ಹಿರಿಯ ನಾಗರಿಕರ ಸಹಾಯವಾಣಿ, ಬೆಂಗಳೂರು

ಮನೆಯವರ ಕಿರುಕುಳ, ಆಸ್ತಿ ತಕರಾರು, ಹಣದ ವಂಚನೆ, ಒಂಟಿತನಗಳಿಂದ ನೊಂದ ಹಿರಿಯರಿಗೆ ನೆರವಾಗುವ ಉಚಿತ ಸೇವೆ. ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮತ್ತು ಬೆಂಗಳೂರು ನಗರ ಪೊಲೀಸರು ಜೊತೆಗೂಡಿ 2002ರಲ್ಲಿ ಇದನ್ನು ಆರಂಭಿಸಿದರು; ಕರೆ ಸಂಖ್ಯೆ 1090.

ಹೆತ್ತವರು ಮಕ್ಕಳ ಮೇಲೆ ದೂರು ಕೊಡಲು ಸುಲಭವಾಗಿ ಒಪ್ಪುವುದಿಲ್ಲ. ಮಗ ಜೈಲಿಗೆ ಹೋಗಲಿ ಎಂದಲ್ಲ, ಹಿಂಸೆ ನಿಲ್ಲಲಿ ಎಂಬುದಷ್ಟೇ ಅವರ ಆಸೆ. ಆದ್ದರಿಂದ ಇಲ್ಲಿ ಮೊದಲು ನಡೆಯುವುದು ಆಪ್ತಸಮಾಲೋಚನೆ: ಹಿರಿಯರ ಮಾತು ಕೇಳಿ, ಎದುರು ಪಕ್ಷದವರನ್ನೂ ಕರೆಸಿ ರಾಜಿಗೆ ಯತ್ನಿಸುತ್ತಾರೆ. ಬೆನ್ನಿಗೆ ಪೊಲೀಸರಿರುವುದರಿಂದ ಆ ಕರೆಗೆ ತೂಕವಿದೆ. ಸೇವೆಯ ನಿಜವಾದ ಶಕ್ತಿ ಈ ಜೋಡಣೆಯಲ್ಲೇ ಇದೆ.

ರಾಜಿಯಾಗದಿದ್ದರೆ ಕಾನೂನಿನ ದಾರಿ ಉಂಟು. ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ, 2007ರ ಪ್ರಕಾರ 60 ದಾಟಿದವರು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಯಲ್ಲಿ ಜೀವನಾಂಶ ಕೇಳಬಹುದು. ಮೂಲ ಕಾಯ್ದೆಯಲ್ಲಿ ಇದರ ಮಿತಿ ತಿಂಗಳಿಗೆ 10,000 ರೂಪಾಯಿ. ನೋಡಿಕೊಳ್ಳುವ ಷರತ್ತಿನ ಮೇಲೆ ದಾನಪತ್ರ ಪಡೆದವರು ಮಾತಿಗೆ ತಪ್ಪಿದರೆ, 23ನೇ ಕಲಮಿನಂತೆ ಆ ಪತ್ರವನ್ನು ಅನೂರ್ಜಿತಗೊಳಿಸಬಹುದು. ಈ ಷರತ್ತನ್ನು ಪತ್ರದಲ್ಲಿ ಸ್ಪಷ್ಟವಾಗಿ ಬರೆಸದೆ ಸಹಿ ಹಾಕಿ, ಇರುವ ಒಂದೇ ಮನೆಯನ್ನು ಕಳೆದುಕೊಂಡವರ ಪಾಡು ದೊಡ್ಡದು. ನೋಂದಣಿಗೆ ಮುನ್ನ ವಕೀಲರನ್ನು ಕೇಳುವುದು ಅಗತ್ಯ.

ದೇಶಮಟ್ಟದಲ್ಲಿ 2021ರಿಂದ ‘ಎಲ್ಡರ್‌ಲೈನ್’ 14567 ಇದೆ. ಇದು ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ತೆರೆದಿರುತ್ತದೆ. ಪಿಂಚಣಿ, ವೃದ್ಧಾಶ್ರಮಗಳ ಮಾಹಿತಿಯೂ ಇಲ್ಲಿ ಸಿಗುತ್ತದೆ.