ಕೆಸರಿಗೋ, ಟಾರಿಗೋ?

ಹೋದ ಮಳೆಗಾಲದ ಶುರುವಿಗೆ ಅಪ್ಪ ಫೋನ್ ಮಾಡಿ, "ಜೀಪಿನ ಟಯರ್ ಬೋಳಾಗಿದೆ. ಯಾವುದು ಹಾಕಿಸುವುದು ಅಂತ ನೋಡಿ ಹೇಳು, ನೀನು ಇಂಜಿನಿಯರ್ ಅಲ್ವಾ" ಅಂದರು. ಓದಿದ್ದು ಇಂಜಿನಿಯರಿಂಗ್ ಹೌದು, ಹೊಟ್ಟೆಪಾಡು ಸಾಫ್ಟ್‌ವೇರು. ಟಯರಿನ ಬಗ್ಗೆ ನನಗೆ ಗೊತ್ತಿದ್ದದ್ದು ಅದು ಕಪ್ಪಗೆ, ದುಂಡಗೆ ಇರುತ್ತದೆ ಅನ್ನುವಷ್ಟೇ :)

ನಮ್ಮ ಮನೆ ಇರುವುದು ಬೆಳ್ಮಣ್ ಪೇಟೆಯಿಂದ ಒಂದೂವರೆ ಕಿಲೋಮೀಟರ್ ಒಳಗೆ. ಕೊನೆಯ ಏರು ಪೂರ್ತಿ ಕೆಂಪು ಮಣ್ಣು, ನಡುನಡುವೆ ಮುರಕಲ್ಲು. ಜೂನ್ ಬಂತೆಂದರೆ ಮಣ್ಣು ಕೆಸರಾಗುತ್ತದೆ, ಮುರಕಲ್ಲಿನ ಮೇಲೆ ಹಾವಸೆ ಬೆಳೆಯುತ್ತದೆ. ಆದರೆ ಅದೇ ಗಾಡಿಯಲ್ಲಿ ಅಪ್ಪ ತಿಂಗಳಿಗೊಮ್ಮೆ ಅಮ್ಮನನ್ನು ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಪಡುಬಿದ್ರಿವರೆಗೆ ಕಾರ್ಕಳ ರಸ್ತೆ, ಅಲ್ಲಿಂದ ಉಡುಪಿಯವರೆಗೆ ರಾಷ್ಟ್ರೀಯ ಹೆದ್ದಾರಿ 66, ಸುರಿಯುವ ಮಳೆ, ಪಕ್ಕದಲ್ಲಿ ಹಾರನ್ ಹೊಡೆಯುತ್ತಾ ನುಗ್ಗುವ ಬಸ್ಸುಗಳು. ಒಂದೇ ಟಯರು ಎರಡಕ್ಕೂ ಆಗಬೇಕು.

ಅಂಗಡಿಯವರನ್ನು ಕೇಳಿದರೆ ಹೈವೇ ಟೆರೈನ್, ಆಲ್ ಟೆರೈನ್, ಮಡ್ ಟೆರೈನ್ ಅಂತ ಮೂರು ಜಾತಿ ಹೇಳುತ್ತಾರೆ. ಯಾವ ಜಾತಿ ಎಲ್ಲಿಂದ ಬಂತು ಅಂತ ಹುಡುಕುತ್ತಾ ಕೂತವನಿಗೆ ಎರಡು ವಾರ ರಾತ್ರಿ ನಿದ್ದೆ ತಡವಾಯಿತು. ಸಿಕ್ಕಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಎತ್ತಿನ ಗಾಡಿಯ ಚಕ್ರ ನೆನಪಿಸಿಕೊಳ್ಳಿ. ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ. ಎಲ್ಲ ಭಾರವೂ ಬೆರಳೆರಡರ ಅಗಲದ ಕಬ್ಬಿಣದ ಮೇಲೆ. ಕೆಸರಿನಲ್ಲಿ ಅದು ಚಾಕುವಿನ ಹಾಗೆ ಇಳಿಯುತ್ತದೆ, ಒಳ್ಳೆಯ ರಸ್ತೆಯನ್ನು ಕೊರೆದು ಹಾಕುತ್ತದೆ. ಅಂದರೆ ಎರಡೂ ಕಡೆ ಸಲ್ಲದ ಚಕ್ರ! ಚಕ್ರದೊಳಗೆ ಗಾಳಿ ತುಂಬಿಸುವ ಯೋಚನೆ ರಾಬರ್ಟ್ ಥಾಮ್ಸನ್ ಎಂಬ ಸ್ಕಾಟ್ಲೆಂಡಿನವನಿಗೆ ಹೊಳೆದು 1845ರಲ್ಲೇ ಪೇಟೆಂಟ್ ಪಡೆದಿದ್ದ. ಯಾರೂ ಕೇಳಲಿಲ್ಲ. 1888ರಲ್ಲಿ ಬೆಲ್‌ಫಾಸ್ಟಿನ ದನದ ಡಾಕ್ಟರ್ ಜಾನ್ ಬಾಯ್ಡ್ ಡನ್‌ಲಪ್ ಅದನ್ನೇ ಮತ್ತೆ ಕಂಡುಹಿಡಿದು ಹೆಸರು ಮಾಡಿದ. ಥಾಮ್ಸನ್ ಮೊದಲೇ ಮಾಡಿದ್ದಾನೆ ಅಂತ ಡನ್‌ಲಪ್‌ನ ಪೇಟೆಂಟ್ ಆಮೇಲೆ ಬಿದ್ದುಹೋಯಿತು, ಆದರೆ ಹೆಸರು ಉಳಿಯಿತು. ಡನ್‌ಲಪ್ ಕಂಪನಿ 1936ರಲ್ಲಿ ಬಂಗಾಳದ ಸಾಹಾಗಂಜಿನಲ್ಲಿ ಕಾರ್ಖಾನೆ ತೆರೆಯಿತು. ರಬ್ಬರ್ ಚಕ್ರದ ಎತ್ತಿನ ಗಾಡಿಗೆ ಘಟ್ಟದ ಮೇಲಿನವರು ಡನ್‌ಲಪ್ ಗಾಡಿ ಅನ್ನುವುದನ್ನು ನೀವೂ ಕೇಳಿರಬಹುದು.

ನಮ್ಮ ಕಡೆ ಮೋಟಾರು ಬೇಗ ಬಂತು. ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್, ಹಿರಿಯರ ಬಾಯಲ್ಲಿ ಸಿಪಿಸಿ, ಶುರುವಾದದ್ದು 1914ರಲ್ಲಿ. ಆಗ ಇದು ಮದ್ರಾಸ್ ಪ್ರೆಸಿಡೆನ್ಸಿಯ ದಕ್ಷಿಣ ಕನ್ನಡ. ಹೊಳೆಗಳಿಗೆ ಸೇತುವೆಗಳು ಕಡಿಮೆ, ದೋಣಿಗಳೇ ಗತಿ. ಟಾರು ರಸ್ತೆ ಮತ್ತು ಕಚ್ಚಾ ರಸ್ತೆ ಅನ್ನುವ ಭೇದಕ್ಕೆ ಆಗ ಅರ್ಥವೇ ಇರಲಿಲ್ಲ, ಇದ್ದದ್ದೆಲ್ಲ ಕಚ್ಚಾ.

ಟಯರಿನ ಬೆಲೆ ಜನಕ್ಕೆ ಗೊತ್ತಾದದ್ದು ಯುದ್ಧದಲ್ಲಿ. 1942ರ ಫೆಬ್ರವರಿ 15ಕ್ಕೆ ಸಿಂಗಾಪುರ ಜಪಾನಿನ ಕೈಗೆ ಹೋಯಿತು. ಮಲಯ, ಇಂಡೋನೇಷ್ಯಾದ ರಬ್ಬರು ನಿಂತಿತು. ನಮ್ಮಲ್ಲಿ ಟಯರಿಗೂ ರೇಷನ್ ಬಂತು. ಪೆಟ್ರೋಲಿಲ್ಲದೆ ಬಸ್ಸುಗಳು ಹಿಂದೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡಿದ ಕಾಲ ಅದು. ಹಳೆ ಟಯರಿಗೆ ಮತ್ತೆ ಮತ್ತೆ ರೀಸೋಲ್ ಹಾಕಿ ಓಡಿಸುವ ಚಾಳಿ ಯುದ್ಧ ಮುಗಿದ ಮೇಲೂ ಬಿಡಲಿಲ್ಲ. ಮದ್ರಾಸಿನಲ್ಲಿ 1946ರಲ್ಲಿ ಬಲೂನು ಮಾಡುತ್ತಾ ಶುರುವಾದ ಎಂಆರ್‌ಎಫ್ 1952ರಲ್ಲಿ ಕೈಹಾಕಿದ್ದು ಈ ರೀಸೋಲಿನ ರಬ್ಬರಿಗೇ, ಟಯರಿಗೆ ಆಮೇಲೆ ಬಂತು.

ಅದೇ ಯುದ್ಧ ನಮಗೆ ಜೀಪನ್ನೂ ಕೊಟ್ಟಿತು. ಅದರ 6.00-16 ಅಳತೆಯ ಟಯರಿಗೆ ದಪ್ಪ ದಪ್ಪ ಕಟ್ಟೆಗಳು, ನಡುವೆ ಅಗಲ ಸಂದು. ನಮ್ಮೂರಲ್ಲಿ ಬಟನ್ ಟಯರ್ ಅನ್ನುವುದು ಇದರ ಮೊಮ್ಮಕ್ಕಳಿಗೇ. ಕಟ್ಟೆಗಳು ಕೆಸರನ್ನು ಕಚ್ಚುತ್ತವೆ, ಸಂದಿನಿಂದ ಕೆಸರು ಉದುರಿಹೋಗುತ್ತದೆ. ಆದರೆ ಟಾರಿನ ಮೇಲೆ ಸಂದಿಗೆ ಕೆಲಸವಿಲ್ಲ. ಅಷ್ಟು ಜಾಗದಲ್ಲಿ ರಬ್ಬರು ನೆಲ ಮುಟ್ಟುವುದೇ ಇಲ್ಲ, ಬ್ರೇಕ್ ಒತ್ತಿದಾಗ ಹಿಡಿತ ಅಷ್ಟು ಕಡಿಮೆ. ಈ ಜಗಳಕ್ಕೆ ಇವತ್ತಿಗೂ ಪೂರ್ತಿ ರಾಜಿಯಾಗಿಲ್ಲ. ಆಲ್ ಟೆರೈನ್ ಅಂದರೆ ಇಬ್ಬರಿಗೂ ಸ್ವಲ್ಪ ಸ್ವಲ್ಪ ಬೇಸರ ಮಾಡುವ ಪಂಚಾಯಿತಿಕೆ.

ಇಲ್ಲಿ ನಮ್ಮ ಕಾರ್ಕಳದ ಕಥೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಧರ್ಮಸ್ಥಳದ 39 ಅಡಿಯ ಬಾಹುಬಲಿಯನ್ನು ಕೆತ್ತಿದ್ದು ಕಾರ್ಕಳದಲ್ಲಿ, ರೆಂಜಾಳ ಗೋಪಾಲಕೃಷ್ಣ ಶೆಣೈಯವರು. 1973ರಲ್ಲಿ ಅದನ್ನು ಧರ್ಮಸ್ಥಳಕ್ಕೆ ಸಾಗಿಸಿದ್ದು 64 ಚಕ್ರದ ಟ್ರಾಲಿಯಲ್ಲಿ. ಮೂರ್ತಿಯ ತೂಕ ಸುಮಾರು 170 ಟನ್ ಅನ್ನುತ್ತಾರೆ. ಭಾಗಿಸಿ ನೋಡಿ, ಕಲ್ಲಿನ ಭಾರವೇ ಒಂದೊಂದು ಚಕ್ರಕ್ಕೆ ಎರಡೂವರೆ ಟನ್ನಿಗಿಂತ ಹೆಚ್ಚು. ಹತ್ತು ಚಕ್ರದ ಮೇಲೆ ಇಟ್ಟಿದ್ದರೆ ಕಾರ್ಕಳದ ಪೇಟೆ ದಾಟುವ ಮೊದಲೇ ರಸ್ತೆಯೊಳಗೆ ಹೂತುಹೋಗುತ್ತಿತ್ತೇನೋ! ನಮ್ಮ ಅಜ್ಜಿ ಬಸ್ಸು ಹಿಡಿದು ನೋಡಲು ಹೋಗಿದ್ದರಂತೆ. "ದೇವರು ಮಲಗಿಕೊಂಡು ಹೋಗುವುದನ್ನು ಅವತ್ತೇ ನೋಡಿದ್ದು" ಅನ್ನುತ್ತಿದ್ದರು. ಭಾರವನ್ನು ಹೆಚ್ಚು ನೆಲಕ್ಕೆ ಹಂಚುವುದು, ಇಷ್ಟೇ ಉಪಾಯ. ಕೆಸರಿನಲ್ಲಿ ಹೂತ ಜೀಪಿನ ಟಯರಿಂದ ಗಾಳಿ ಇಳಿಸುವುದೂ ಇದಕ್ಕೇ. ಗಾಳಿ ಕಡಿಮೆಯಾದಷ್ಟೂ ಟಯರು ಚಪ್ಪಟೆಯಾಗಿ ನೆಲ ಮುಟ್ಟುವ ಜಾಗ ಹೆಚ್ಚುತ್ತದೆ.

ಈ ಉಪಾಯ ನಮ್ಮ ದೊಡ್ಡಮಾವನಿಗೆ ಚೆನ್ನಾಗಿ ಗೊತ್ತಿತ್ತು. 2004ರ ಜುಲೈಯಲ್ಲಿ, ನಾನಿನ್ನೂ ಪ್ರೈಮರಿ ಶಾಲೆಯಲ್ಲಿದ್ದೆ, ಗದ್ದೆ ಬದಿಯಲ್ಲಿ ಹೂತ ಜೀಪಿನ ಗಾಳಿಯನ್ನು 18 ಪಾಯಿಂಟಿಗೆ ಇಳಿಸಿ ಮೇಲೆ ತಂದರು. ಗಾಳಿ ಮತ್ತೆ ತುಂಬಿಸಲು ಪುರುಸೊತ್ತಿಲ್ಲದೆ ಹಾಗೇ ಪಡುಬಿದ್ರಿ ಕಡೆ ಹೊರಟರು. ಸವೆದ ಬಟನ್ ಟಯರು, ರಸ್ತೆ ತುಂಬ ನೀರು. ಎದುರು ಬಂದ ಬಸ್ಸಿಗೆ ಬ್ರೇಕ್ ಹಾಕಿದರೆ ಜೀಪು ನಿಲ್ಲಲೂ ಇಲ್ಲ, ಸ್ಟಿಯರಿಂಗ್ ಕೇಳಲೂ ಇಲ್ಲ. ಸೀದಾ ಮೋರಿಗೆ. ಜೀವ ಉಳಿಯಿತು, ಬಲಗಾಲು ಇವತ್ತಿಗೂ ಕುಂಟು. "ಜೀಪು ತೇಲಿತು ಮಾರಾಯ" ಅಂತ ಮಾವ ಹೇಳುತ್ತಿದ್ದರೆ ನಾವೆಲ್ಲ ಇದು ಮಾವನ ಬಣ್ಣದ ಮಾತು ಅಂದುಕೊಂಡಿದ್ದೆವು.

ಬಣ್ಣವಲ್ಲ! 1963ರಲ್ಲಿ ನಾಸಾದ ವಾಲ್ಟರ್ ಹಾರ್ನ್ ಮತ್ತು ರಾಬರ್ಟ್ ಡ್ರೆಹರ್ ನೀರಿರುವ ರನ್‌ವೇಯಲ್ಲಿ ವಿಮಾನದ ಟಯರು ಏಕೆ ಜಾರುತ್ತದೆ ಅಂತ ನೋಡಿದರು. ಟಯರಿನ ಗೆರೆಗಿಂತ ನೀರು ಆಳವಿದ್ದರೆ ಒಂದು ವೇಗದಲ್ಲಿ ಟಯರು ನೆಲ ಬಿಟ್ಟು ನೀರಿನ ಮೇಲೆ ಏಳುತ್ತದೆ. ಆ ವೇಗ ಗಂಟೆಗೆ ಎಷ್ಟು ಮೈಲಿ ಅಂತ ತಿಳಿಯಲು ಟಯರಿನ ಗಾಳಿಯ ಪಾಯಿಂಟಿನ ವರ್ಗಮೂಲವನ್ನು 10.35ರಿಂದ ಗುಣಿಸಿದರೆ ಸಾಕು. 30 ಪಾಯಿಂಟಿಗೆ ಸುಮಾರು 91 ಕಿಲೋಮೀಟರ್ ವೇಗ. 18 ಪಾಯಿಂಟಿಗೆ 71. ಅಂದಾಜಿನ ಸೂತ್ರ, ನಿಜ. ಆದರೂ ಮಾವನಿಗೆ ಫೋನ್ ಮಾಡಿ ಅವತ್ತು ಸ್ಪೀಡ್ ಎಷ್ಟಿತ್ತು ಅಂತ ಕೇಳಿದೆ. "ಎಪ್ಪತ್ತು, ಎಪ್ಪತ್ತೈದು ಇರಬಹುದು. ಯಾಕೆ?" ಅಂದರು. ಸ್ವಲ್ಪ ಹೊತ್ತು ನನಗೆ ಮಾತೇ ಬರಲಿಲ್ಲ.

ಅಲ್ಲಿಗೆ ನನ್ನ ಲೆಕ್ಕ ಮುಗಿಯಿತು. ಕೆಸರಿನಲ್ಲಿ ತಪ್ಪಿದರೆ ಗಾಡಿ ಹೂತುಹೋಗುತ್ತದೆ, ಪಕ್ಕದ ಮನೆಯವರು ಬಂದು ನೂಕುತ್ತಾರೆ. ಹೆದ್ದಾರಿಯಲ್ಲಿ ತಪ್ಪಿದರೆ ನೂಕಲು ಯಾರಿದ್ದರೂ ಪ್ರಯೋಜನವಿಲ್ಲ. ನಮ್ಮಲ್ಲಿ ಒದ್ದೆ ರಸ್ತೆಯ ಹಿಡಿತಕ್ಕೆ ಕಡ್ಡಾಯ ಮಾನದಂಡ ಬಂದದ್ದೇ 2022ರ ಅಕ್ಟೋಬರಿನಲ್ಲಿ, ಅದೂ ಮೊದಲು ಹೊಸ ವಿನ್ಯಾಸದ ಟಯರುಗಳಿಗೆ. ಗುಡ್ಡ ಹತ್ತುವ ಜಾಹೀರಾತುಗಳ ಅಬ್ಬರದಲ್ಲಿ ಇದನ್ನು ಕೇಳುವವರು ಯಾರು?

ಅಪ್ಪನಿಗೆ ಹೈವೇ ಟೆರೈನ್ ಹಾಕಿಸಿ ಅಂದೆ. ಬಟನ್ ಟಯರಿಗಿಂತ ಉಳಿದ ದುಡ್ಡಿಗೆ ಒಂದಷ್ಟು ಸೇರಿಸಿ ಏರಿಗೆ ಎರಡು ಲೋಡು ಜಲ್ಲಿ ಹಾಕಿಸಿದೆವು. ಬ್ರಷ್ಷು ಹಿಡಿದು ಹಾವಸೆ ಉಜ್ಜುವ ಕೆಲಸ ರಜೆಯಲ್ಲಿ ಹೋದಾಗ ನನ್ನದು. ಜುಲೈಯಲ್ಲಿ ಎರಡು ಸಲ ಜಾರಿದೆ, ಒಮ್ಮೆ ನೂಕಿಸಿಕೊಂಡಿದೆ.

ಚೌತಿಗೆ ದೊಡ್ಡಮಾವ ಬಂದಿದ್ದರು. ಕೋಲೂರಿಕೊಂಡು ಗಾಡಿಗೆ ಒಂದು ಸುತ್ತು ಬಂದು, ಟಯರಿನ ಗೆರೆಯೊಳಗೆ ಉಗುರು ಹಾಕಿ ನೋಡಿದರು.

"ಇದೆಂತ, ಪೇಟೆಯವರ ಟಯರು?"

"ಹೌದು ಮಾವ."

"ಗಾಳಿ ಎಷ್ಟು ಉಂಟು?"

"ಮೂವತ್ತು."

"ಹಾಂ" ಅಂದು ಊಟಕ್ಕೆ ಒಳಗೆ ಹೋದರು.